ಒಂದೇ ಹೆಸರಿನಲ್ಲಿ ಮೂರು ಊರು

ಹುಕ್ಕೇರಿಯ ಹೆಡ್ ಕ್ಲರ್ಕ್ ಕಾಕಾ ಪಾಸ್‌ವರ್ಡ್ ಹೊಡೆಯುವ ಮೊದಲು ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು, ಎಡಗೈಯಲ್ಲಿ ಅದನ್ನು ಕೀಬೋರ್ಡಿಗೆ ಗೋಡೆಯಂತೆ ಅಡ್ಡ ಹಿಡಿಯುತ್ತಾರೆ. ಆ ಕಡೆ ಈ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ಬಲಗೈಯ ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತ ಒತ್ತುತ್ತಾರೆ. ಬಾಜೂ ಟೇಬಲ್ಲಿನವರು ಕಾಗದದಿಂದ ತಲೆ ಎತ್ತದೆಯೇ ಹೇಳುತ್ತಾರೆ: "ಕಾಕಾ, ನಡುವ ಒಂದ ಸೊನ್ನಿ ಬಿಟ್ರಿ."

ನನ್ನ ಕೆಲಸದಲ್ಲಿ ಇಂಥದ್ದು ವಾರಕ್ಕೊಂದಾದರೂ ಆಗುತ್ತದೆ. ಮೊದಮೊದಲು ಮನೆಗೆ ಹೋಗಿ ಅವ್ವನಿಗೆ ಹೇಳಿ ನಗುತ್ತಿದ್ದೆ. ಈಗ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಧುಪದಾಳ ಬರುವುದರೊಳಗೆ ನಿದ್ದೆ ಬರುತ್ತದೆ.

ಹೊಸ ಬಾಗಿಲು

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರಲ್ಲಿ ಕಾಲೇಜು ನಡೆಸುವ ಒಂದು ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಅಲ್ಲಿ ಹಾಜರಿಗೊಂದು, ಅಂಕಗಳಿಗೊಂದು, ಗ್ರಂಥಾಲಯಕ್ಕೊಂದು, ಹೀಗೆ ಮೂರು ಜಾವಾ ತಂತ್ರಾಂಶಗಳಿವೆ. ಮೂರನ್ನೂ ಬೇರೆ ಬೇರೆಯವರು ಬರೆದುಕೊಟ್ಟಿದ್ದರಿಂದ ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಇವಕ್ಕೆಲ್ಲ ಸಿಂಗಲ್ ಸೈನ್ ಆನ್ ಕೂಡಿಸುವುದು ನನಗೆ ಕೊಟ್ಟ ಕೆಲಸ. ಒಬ್ಬರು ಒಂದು ಸಲ ಒಂದು ಕಡೆ ಗುರುತು ಹೇಳಿದರೆ ಸಾಕು, ಮೂರೂ ತಂತ್ರಾಂಶ ಅವರನ್ನು ಒಳಗೆ ಬಿಡಬೇಕು. ಮದುವೆ ಮನೆಯ ಬಾಗಿಲಲ್ಲಿ ಹಿರಿಯರು "ಬರ್ರಿ ಬರ್ರಿ" ಅಂದಮೇಲೆ ಊಟದ ಪಂಕ್ತಿಯಲ್ಲಿ ಮತ್ತೆ ಯಾರೂ "ನೀವ್ಯಾರು" ಅಂತ ಕೇಳುವುದಿಲ್ಲವಲ್ಲ, ಹಾಗೆ.

ಕೂಡಿಸಿದೆ. ಎಲ್ಲರಿಗೂ ಅವರವರ ಹೆಸರಿನಲ್ಲಿ ಖಾತೆ ತೆರೆದು ಚೀಟಿ ಹಂಚಿದೆ. ಎರಡನೇ ವಾರ ದಾಖಲೆ ತೆಗೆದು ನೋಡಿದರೆ, ಕಾಕಾ ಹುಕ್ಕೇರಿಯಲ್ಲಿ ಹಾಜರಿ ಹಾಕುತ್ತಿದ್ದಾರೆ. ಅದೇ ನಿಮಿಷ ಗೋಕಾಕದಲ್ಲಿ ಪುಸ್ತಕ ಕೊಡುತ್ತಿದ್ದಾರೆ. ಅದೇ ನಿಮಿಷ ಮೂಡಲಗಿಯಲ್ಲಿ ಅಂಕ ತುಂಬುತ್ತಿದ್ದಾರೆ.

ನನ್ನದೇ ತಪ್ಪು ಅಂದುಕೊಂಡೆ. ಸರ್ವರಿನ ಗಡಿಯಾರ ನೋಡಿದೆ, ಬಾಗಿಲಲ್ಲಿ ಗುರುತಿಗೆ ಕೊಡುವ ಟೋಕನ್ ನೋಡಿದೆ, ಜಾವಾ ಕೋಡನ್ನು ಸಾಲು ಸಾಲಾಗಿ ಓದಿದೆ. ಎರಡು ದಿನ ಹೋಯಿತು. ಮೂರನೇ ದಿನ ಮೂಡಲಗಿಗೆ ಹೋಗಿ, ಎಲ್ಲರನ್ನೂ ಕೂಡಿಸಿ, ತಡವರಿಸುತ್ತ ಮದುವೆ ಮನೆಯ ಕಥೆ ಹೇಳಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವಳು ನಾನು. ಹತ್ತು ಜನ ಎದುರಿಗಿದ್ದರೆ ಎರಡೂ ಭಾಷೆ ಕೈಕೊಡುತ್ತವೆ.

ಕೇಳಿ ಮುಗಿಸಿ ಕನ್ನಡದ ಲೆಕ್ಚರರ್ ಹೇಳಿದರು: "ಇದ್ರಾಗ ಹೊಸಾದೇನೈತ್ರಿ ಮೇಡಮ್? ಬಾಗಿಲ್ದಾಗ ಕಾಕಾ ಹೆಸರ ಹೇಳತೇವಿ, ಒಳಗ ಬರ್ತೇವಿ. ನಾಕ ವರ್ಷದಿಂದ ಹಿಂಗ ಮಾಡಾಕತ್ತೇವಿ."

ನಾಲ್ಕು ವರ್ಷದ ಹಿಂದೆ ಮೊದಲ ತರಬೇತಿಗೆ ಹೋದವರು ಕಾಕಾ ಒಬ್ಬರೇ. ಅವರ ಹೆಸರೇ ಮೂರೂ ಊರಿಗೆ ಸಾಕಾಗಿತ್ತು.

"ನಾನು ನಿಮ್ಮೆಲ್ಲರಿಗೂ ಹೊಸ ಚೀಟಿ ಕೊಟ್ಟಿದ್ದೆನಲ್ಲ?" ಅಂದೆ.

"ಅದಾವಲ್ರಿ," ಎಂದು ಅವರು ಪರ್ಸಿನಿಂದ ಚೀಟಿ ತೆಗೆದು ತೋರಿಸಿದರು. ನೀಟಾಗಿ ಲ್ಯಾಮಿನೇಶನ್ ಮಾಡಿಸಿದ್ದರು.

ಹನ್ನೊಂದರ ಚಹಾ

ನಾನು ಇನ್ನೊಂದು ಕೆಲಸ ಮಾಡಿಟ್ಟಿದ್ದೆ. ಒಬ್ಬರು ಒಂದು ಕಡೆ ಲಾಗೌಟ್ ಮಾಡಿದರೆ ಅವರ ಹೆಸರು ಎಲ್ಲ ಕಡೆಯಿಂದಲೂ ಹೊರಬರಬೇಕು. ಸುರಕ್ಷತೆಗೆ ಅದು ಬೇಕು. "ಕುರ್ಚಿ ಬಿಟ್ಟು ಏಳುವಾಗ ತಪ್ಪದೆ ಲಾಗೌಟ್ ಮಾಡಿ" ಎಂದು ಎಲ್ಲರಿಗೂ ಹೇಳಿದ್ದೆ ಕೂಡ. ನನ್ನ ಮಾತು ಕೇಳಿದವರು ಕಾಕಾ ಒಬ್ಬರೇ.

ಹನ್ನೊಂದಕ್ಕೆ ಅವರು ಹುಕ್ಕೇರಿಯಲ್ಲಿ ಚಹಾಕ್ಕೆ ಎದ್ದರು. ಗೋಕಾಕದ ಗ್ರಂಥಾಲಯದಲ್ಲಿ ಪುಸ್ತಕ ಹಿಡಿದು ಸಾಲಿನಲ್ಲಿ ನಿಂತಿದ್ದವರು ಹಾಗೇ ನಿಂತರು. ಮೂಡಲಗಿಯಲ್ಲಿ ಅರ್ಧ ತುಂಬಿದ ಅಂಕಪಟ್ಟಿ ಕಣ್ಣೆದುರೇ ಮಾಯವಾಯಿತು. ಮೂರು ನಿಮಿಷದಲ್ಲಿ ನನಗೆ ಆರು ಫೋನು.

"ಮೇಡಮ್, ಸರ್ವರ್ ಹೋತೇನ್ರಿ?"

"ಇಲ್ಲ, ಕಾಕಾ ಚಹಾಕ್ಕೆ ಹೋಗಿದ್ದಾರೆ."

ಇನ್ನಾದರೂ ತಂತಮ್ಮ ಚೀಟಿ ತೆಗೆಯುತ್ತಾರೆ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಮರುದಿನ ಹನ್ನೊಂದಾಯಿತು, ಹನ್ನೆರಡಾಯಿತು, ಒಂದೂ ಫೋನು ಬರಲಿಲ್ಲ. ನಾನೇ ಗೋಕಾಕದವರನ್ನು ಕೇಳಿದೆ.

"ಎಲ್ಲಾ ಸರಿ ಆತ್ರಿ ಮೇಡಮ್," ಅಂದರು. "ಕಾಕಾಗ ಚಹಾ ಟೇಬಲ್ಲಿಗೇ ತರಸಾಕತ್ತೇವಿ."

ನಾಲ್ಕು ವರ್ಷ

ಮೂಡಲಗಿಯಲ್ಲಿ ಅಂಕ ತುಂಬುವ ಕೆಲಸ ಒಬ್ಬ ಅಕ್ಕನದು. ಕುಲಗೋಡದಿಂದ ದಿನಾ ಬಸ್ಸಿಗೆ ಬರುತ್ತಾರೆ. ನಾಲ್ಕು ವರ್ಷದಿಂದ ತಾತ್ಕಾಲಿಕ ನೌಕರಿ. ಈ ಸಲ ಒಂದೇ ಒಂದು ಕಾಯಂ ಹುದ್ದೆ ಇದೆ, ಕಂಪ್ಯೂಟರ್ ದಾಖಲೆಯಲ್ಲಿ ಯಾರ ಕೆಲಸ ಹೆಚ್ಚು ಕಾಣುತ್ತದೋ ಅವರಿಗೇ ಅದು ಎಂದು ಸಂಸ್ಥೆಯ ಅಧ್ಯಕ್ಷರು ಹೇಳಿಬಿಟ್ಟಿದ್ದರು.

ಅಕ್ಕ ಕುರ್ಚಿ ಎಳೆದುಕೊಂಡು ನನ್ನ ಬಾಜೂ ಕೂತರು. "ನನ್ನ ಹೆಸರ್ಲೇ ಎಷ್ಟ ಎಂಟ್ರಿ ಅದಾವ, ಒಂದೀಟ ನೋಡ್ರಿ."

ನೋಡಿದೆ. ಒಂದೂ ಇರಲಿಲ್ಲ. ಮತ್ತೊಮ್ಮೆ ಹುಡುಕಿದಂತೆ ಮಾಡಿದೆ.

"ಒಂದೂ ಇಲ್ಲೇನ್ರಿ?"

"ಎಲ್ಲಾ ಕಾಕಾ ಹೆಸರಿನಲ್ಲಿವೆ."

"ಅದನ್ನ ಈ ಕಡೆ ತಿದ್ದಾಕ ಬರೂದಿಲ್ಲೇನ?"

ಬರುತ್ತದೆ, ಆದರೆ ತಿದ್ದಿದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ ಎಂದು ಹೇಳಬೇಕಿತ್ತು. ನಾನು ಇಲ್ಲ ಎಂಬಂತೆ ತಲೆ ಅಲ್ಲಾಡಿಸಿದೆ ಅಷ್ಟೇ. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದರು. "ಹೋಗ್ಲಿ ಬಿಡ್ರಿ. ನಾಕ ವರ್ಷ ನಾ ಕಾಕಾ ಆಗಿದ್ನಿ ಅಂತ ತಿಳ್ಕೋತೇನಿ."

ಅಧ್ಯಕ್ಷರಿಗೆ ಮುಖಾಮುಖಿ ಹೇಳುವ ಧೈರ್ಯ ನನಗಿರಲಿಲ್ಲ. ಆ ಸಂಜೆ ಎಲ್ಲವನ್ನೂ ವಿವರಿಸಿ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು, ಯಾರ ಹೆಸರಿನಲ್ಲಿ ಎಷ್ಟು ಎಂಟ್ರಿ ಇವೆ ಎಂಬ ಪಟ್ಟಿ ಜೋಡಿಸಿ, ಅವರ ಮೊಬೈಲಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: ಒಂದು ಹೆಬ್ಬೆರಳು.

ಶಾಲು

ಗೋಕಾಕದಲ್ಲಿ ಮೂರೂ ಕಾಲೇಜಿನವರ ಸಭೆ ಕರೆದಾಗ ಆ ಹೆಬ್ಬೆರಳಿನ ಅರ್ಥ ಗೊತ್ತಾಯಿತು. ಅಧ್ಯಕ್ಷರು ಓದಿದ್ದು ನನ್ನ ಪತ್ರವನ್ನಲ್ಲ, ಅದರ ಜೊತೆಗಿದ್ದ ಪಟ್ಟಿಯನ್ನು ಮಾತ್ರ.

"ನಾಕ ವರ್ಷ ಮೂರ ಊರ ಕೆಲಸ ಒಬ್ಬ ಮನಷ್ಯಾ!" ಎಂದು ಪಟ್ಟಿ ಎತ್ತಿ ತೋರಿಸಿದರು. ಕಾಕಾರನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು.

ಕಾಕಾ ಮುಖ ಸಣ್ಣದಾಯಿತು. "ಸಾಹೇಬ್ರ, ಇದನ್ನ ನಾ ಮಾಡಿಲ್ರಿ."

"ನೋಡ್ರಿ, ದೊಡ್ಡವರ ಗುಣಾನ ಹಿಂಗ!" ಚಪ್ಪಾಳೆ.

"ಖರೇನ ಹೇಳತೇನ್ರಿ. ಪಟ್ಟ್ಯಾಗಿನ ಈ ತಾರೀಖಿಗೆ ನಾ ಕಣ್ಣಿನ ಆಪರೇಶನ್ ಮಾಡಿಸ್ಕೊಂಡ ದವಾಖಾನ್ಯಾಗ ಮಲಗಿದ್ನಿ."

"ಅಂಥಾ ದಿನಾನೂ ಕೆಲಸ ಬಿಡಲಿಲ್ಲ!" ಈ ಸಲ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗ ದವಾಖಾನೆಗೆ ಹೋಗಿ ಅವರನ್ನು ಮಾತಾಡಿಸಿ ಬಂದವರೂ ತಟ್ಟಿದರು.

ಮೂಡಲಗಿಯ ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದರು. ಅವರೂ ತಟ್ಟುತ್ತಿದ್ದರು, ಮೆಲ್ಲಗೆ. ನಾನು ಏಳಬೇಕು ಅಂದುಕೊಂಡೆ. ಕುರ್ಚಿಯ ತುದಿಗೆ ಬಂದೆ. ಅಲ್ಲೇ ಉಳಿದೆ.

ಕಾಕಾಗೆ ಸಿಟ್ಟು ಬಂತು. ಶಾಲನ್ನು ಮಡಚಿ ಮೈಕಿನ ಮುಂದಿಟ್ಟರು. ವೇದಿಕೆಯ ಮೇಲಿನ ಕಂಪ್ಯೂಟರನ್ನು ತೋರಿಸಿ ಹೇಳಿದರು: "ಅಂಕ ಎಲ್ಲಿ ತುಂಬತಾರ ಅನ್ನೂದನ್ನ ನನಗ ಯಾರರ ತೋರಸ್ರಪಾ! ನಾಕ ವರ್ಷ ಆತು, ಒಮ್ಮೆ ನಾನೂ ನೋಡತೇನಿ."

ನನ್ನ ಪಕ್ಕದಿಂದ ಅಕ್ಕ ಎದ್ದು ವೇದಿಕೆಗೆ ಹೋದರು. ನಿಂತುಕೊಂಡೇ ಒಂದು ತರಗತಿಯ ಪಟ್ಟಿ ತೆರೆದು, ಮೌಸ್ ಮುಟ್ಟದೆ, ಒಂದು ಸಾಲು ತುಂಬಿದರು. ಕಾಕಾ ಬಗ್ಗಿ ನೋಡಿ, "ಇದು ನನ್ನ ಕೈಲೇ ಹೆಂಗ ಆಗಿರಬೇಕು?" ಅಂದರು. ಪಟ್ಟಿಯಲ್ಲಿದ್ದ ಕೆಲಸ ಯಾರದು ಎಂದು ಅಧ್ಯಕ್ಷರಿಗೆ ಆಗ ತಿಳಿಯಿತು.

ಅಲ್ಲೇ ಎದ್ದು ನಿಂತು ಆಜ್ಞೆ ಮಾಡಿದರು. ಸೋಮವಾರದಿಂದ ಪ್ರತಿಯೊಬ್ಬರೂ ಸ್ವಂತ ಹೆಸರಿನಲ್ಲೇ ಒಳಗೆ ಬರಬೇಕು. ಈ ಸೆಮಿಸ್ಟರಿನ ಅಂಕಗಳೆಲ್ಲ ಅಕ್ಕನ ಹೆಸರಿನಲ್ಲಿ, ಅವರೊಬ್ಬರೇ ತುಂಬಿದ್ದು ದಾಖಲೆಯಲ್ಲಿ ಕಂಡರೆ ಕಾಯಂ ಆದೇಶಕ್ಕೆ ಸಹಿ. "ಒಬ್ಬರ ಹೆಸರ್ಲೇ ಇನ್ನೊಬ್ಬರು ಕೈ ಹಾಕಿದ್ದ ಕಂಡ್ರ, ಆ ಲೆಕ್ಕ ನಾ ಹಿಡಿಯೂದಿಲ್ಲ," ಅಂದರು.

ಶಾಲು ಯಾರಿಗೆ ಹೋಗಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ನನಗೇ ಕೊಟ್ಟರು, ಒಣಗಿಸಿ ಕಪಾಟಿನಲ್ಲಿಡಲು. ಅದರ ಮೇಲೆ ಅಧ್ಯಕ್ಷರ ಚಹಾ ಚೆಲ್ಲಿತ್ತು.

ಸೋಮವಾರ

ಕಾಕಾ ಹೆಸರಿನ ಖಾತೆಯನ್ನು ಹುಕ್ಕೇರಿಗೆ ಮಾತ್ರ ಕಟ್ಟಿಹಾಕಿ, ಮೊದಲ ಬಸ್ಸಿಗೆ ಮೂಡಲಗಿಗೆ ಹೋದೆ. ಅಕ್ಕ ನನಗಿಂತ ಮೊದಲೇ ಬಂದು ಕೂತಿದ್ದರು. ನನ್ನನ್ನು ಅತ್ತ ತಿರುಗಲು ಹೇಳಿ, ಬಾಯಿ ಬಿಡದೆ ಪಾಸ್‌ವರ್ಡ್ ಹೊಡೆದರು. ತೆರೆಯ ಮೂಲೆಯಲ್ಲಿ ಅವರ ಹೆಸರು ಬಂತು.

"ಇನಿಶಿಯಲ್ ಸೈತ ಐತ್ರಿ," ಅಂದರು.

ಮಧ್ಯಾಹ್ನದವರೆಗೂ ತಲೆ ಎತ್ತಲಿಲ್ಲ. ಸುತ್ತಲಿನವರು ಮಾತ್ರ ಪಾಸ್‌ವರ್ಡ್ ಮರೆತು ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದರು. ಲ್ಯಾಮಿನೇಶನ್ ಮಾಡಿಸಿದವರು ಚೀಟಿಯನ್ನು ಮನೆಯಲ್ಲಿ ದೇವರ ಮುಂದೆ ಬಿಟ್ಟು ಬಂದಿದ್ದರು. ಇಬ್ಬರು ಮೆಲ್ಲಗೆ ಅಕ್ಕನ ಕಡೆ ಹೋಗಿ, "ನಿಂದ ನಡದೈತಲ್ಲವಾ, ಒಂದೀಟ ಕೊಡವಾ," ಅಂದರು. ಅಕ್ಕ ಹೇಳಿದ್ದು ಒಂದೇ: "ಅಧ್ಯಕ್ಷರ ಆಜ್ಞಾ ಆಗೇತ್ರಿ. ಅವರನ್ನ ಕೇಳ್ರಿ." ಇಬ್ಬರೂ ಹಿಂದೆ ಸರಿದರು. ಅವರು ಯಾರಿಗಾದರೂ ಇಲ್ಲ ಅಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಊಟದ ಹೊತ್ತಿಗೆ ನನಗೆ ಫೋನು ಬಂತು. ಅಧ್ಯಕ್ಷರು. ಅವರ ದನಿ ಎಷ್ಟು ದೊಡ್ಡದೆಂದರೆ ಸ್ಪೀಕರ್ ಬೇಕಾಗಿಲ್ಲ.

"ಮೇಡಮ್, ಎಲ್ಲಾರೂ ತಂತಮ್ಮ ಹೆಸರ್ಲೇ ಬರಾಕತ್ತಾರಿಲ್ಲೋ?"

"ಹೌದು ಸರ್."

"ಶಾಬ್ಬಾಸ್. ಬಿಗಿ ಹಿಡೀರಿ, ಸಡ್ಲ ಬಿಡಬ್ಯಾಡ್ರಿ. ಮತ್ತ, ಒಂದ ಮಾತು. ನಂದು ಪಾಸ್‌ವರ್ಡ್ ಮರ್ತೇನ್ರಿ. ಇಲ್ಲಿ ಮುಂದ ಮಂದಿ ಕುಂತಾರ, ಅವರಿಗೆ ಅಂಕಪಟ್ಟಿ ತೋರಸಬೇಕಾಗೇತಿ. ಆ ಮೂಡಲಗಿ ಹೆಣಮಗಳದು ಛಲೋ ನಡದೈತಂತ. ಆಕೀದ ಕೇಳಿ ಹೇಳಿಬಿಡ್ರಿ."

ಕೀಲಿಗಳ ಸದ್ದು ನಿಂತಿತು. ಅಕ್ಕ ಬೆರಳುಗಳನ್ನು ಹಾಗೇ ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಹಲೋ? ಮೇಡಮ್? ಪೆನ್ನ ಹಿಡ್ಕೊಂಡ ಕುಂತೇನಿ, ಹೇಳ್ರಿ."