ಹದಿನೇಳು ಪುಟ ನುಂಗಿ ಸುಮ್ಮನೆ ಕುಳಿತ ಟಾಸ್ಕ್‌ಬಾರ್ ಅವರಿಗೆ

ಮಾನ್ಯರೇ,

ಪರದೆಯ ತಳದಲ್ಲಿ ಬೆರಳಗಲದ ಜಾಗದಲ್ಲಿ ವಾಸವಾಗಿದ್ದುಕೊಂಡು, ತೆರೆದಿಟ್ಟ ಕಡತಗಳನ್ನೆಲ್ಲ ಕಾಯುತ್ತ, ಬಿಡುವಾದಾಗ ಗಂಟೆ ಎಷ್ಟೆಂದೂ ತಿಳಿಸುವ ತಮಗೆ, ಮೂವತ್ತೊಂದು ವರ್ಷ ಟೈಪ್‌ರೈಟರ್ ಕುಟ್ಟಿ ನಿವೃತ್ತಳಾದ ಟೈಪಿಸ್ಟಳ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕಣ್ಣಿಗೇ ಬೀಳದವರ ಕ್ಷೇಮವನ್ನು ನಂಬದೆ ಬೇರೆ ದಾರಿಯೇನಿದೆ?

ನನ್ನ ಅಕ್ಕ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಆಸ್ಪತ್ರೆಯವರು ಹಳೆಯ ನರ್ಸ್‌ಗಳ ನೆನಪುಗಳನ್ನು ಪುಸ್ತಕ ಮಾಡುತ್ತಾರೆಂದು ತಿಳಿದಾಗ, ಕೆಟ್ಟು ನಿಂತ ಲಿಫ್ಟಿನಲ್ಲಿ ತಾನು ಮಾಡಿಸಿದ ಮೊದಲ ಹೆರಿಗೆಯ ಕಥೆಯನ್ನು ಅವಳು ಹೇಳುವುದು, ನಾನು ಟೈಪ್ ಮಾಡುವುದು ಎಂದಾಯಿತು. ಅಕ್ಕನ ಮಗಳು ತನ್ನ ಹಳೆಯ ಕಂಪ್ಯೂಟರನ್ನು ನಮಗೆ ಕೊಟ್ಟಳು. ಸಿನಿಮಾ ನೋಡಲು ಪರದೆ ಸಾಲದೆಂದು ಅವಳು ಎಂದೋ ತಮ್ಮನ್ನು ಅಡಗಿಸಿಟ್ಟಿದ್ದಳಂತೆ. ಆ ಸಂಗತಿಯನ್ನು ತಿಳಿಸಲು ಅವಳೂ ಮರೆತಳು, ತಾವೂ ಬಾಯಿಬಿಡಲಿಲ್ಲ.

ನಮ್ಮ ಕಾಲದ ಕಚೇರಿಯಲ್ಲಿ ಒಂದು ಶಿಸ್ತಿತ್ತು. ಕುರ್ಚಿ ಬಿಟ್ಟು ಏಳುವ ಟೈಪಿಸ್ಟ್, ಅರ್ಧ ಮಾಡಿದ ಹಾಳೆಯ ಮೇಲೆ ಬಟ್ಟೆ ಹೊದಿಸಿಯೇ ಏಳಬೇಕು, ದಾರಿಹೋಕರು ಓದಬಾರದು. ಇಲ್ಲಿ ಹೊದಿಸುವುದು ಹೇಗೆಂದು ಕೇಳಿದ್ದಕ್ಕೆ ಅಕ್ಕನ ಮಗಳು ಮೇಲಿನ ಮೂಲೆಯ ಪುಟ್ಟ ಅಡ್ಡಗೆರೆಯನ್ನು ತೋರಿಸಿದಳು. ಹೊದಿಕೆ ತೆಗೆಯುವುದು ಹೇಗೆಂದು ನಾನು ಕೇಳಲಿಲ್ಲ. ಬಟ್ಟೆ ಸರಿಸಲು ಯಾರಾದರೂ ಪಾಠ ಹೇಳಿಸಿಕೊಳ್ಳುತ್ತಾರೆಯೇ?

ಹೀಗಾಗಿ ಹಾಲು ಉಕ್ಕಿದಾಗ, ಬಾಗಿಲು ಬಡಿದಾಗ, ಫೋನ್ ಕೂಗಿದಾಗ ಅಡ್ಡಗೆರೆ ಒತ್ತಿ ಎದ್ದುಹೋದೆ. ಹಿಂತಿರುಗಿ ನೋಡಿದರೆ ಹಾಳೆ ಮಾಯ. ಅದು ಅಳಿಸಿಯೇ ಹೋಯಿತೆಂದು ತಿಳಿದು, ಪ್ರತಿಸಲವೂ ಹೊಸ ಹಾಳೆ ತೆರೆದು ಮೊದಲಿನಿಂದ ಶುರುಮಾಡಿದೆ. ಕಂಪ್ಯೂಟರ್ ಆರಿಸುವ ಧೈರ್ಯವಂತೂ ನನಗಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಹಾಳೆಯನ್ನೂ ಕಳೆಯದವಳು ಅಕ್ಕನೆದುರು ಕಳೆದೆನೆಂದು ಹೇಗೆ ಹೇಳಲಿ? ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಹೇಳು ಎಂದೆ. ಹಾಗೆ ಹದಿನೇಳು ಸಲ ಎಂದೆ.

ಹದಿನೇಳನೆಯ ಸಲ ಅಕ್ಕ ಕನ್ನಡಕವನ್ನು ಪೆಟ್ಟಿಗೆಗೆ ಹಾಕಿ ಎದ್ದಳು. "ನನ್ನ ಕಥೆಯಲ್ಲಿ ಏನೂ ಇಲ್ಲ ಅಂತ ನೆಟ್ಟಗೆ ಹೇಳಬಾರದಿತ್ತಾ?" ಎಂದು ಕೇಳಿ ಮೇಲಂತಸ್ತಿನ ತನ್ನ ಮನೆಗೆ ಹೊರಟುಹೋದಳು. ಎಂಟು ದಿನ ಅವಳ ಚಪ್ಪಲಿ ಸದ್ದು ನನ್ನ ಬಾಗಿಲ ಮುಂದೆ ನಿಲ್ಲದೆ ಮೆಟ್ಟಿಲಿಳಿಯಿತು, ನಿಲ್ಲದೆ ಮೆಟ್ಟಿಲು ಹತ್ತಿತು. ನನಗೆ ಊಟ ಸೇರಲಿಲ್ಲ.

ಒಂಬತ್ತನೆಯ ದಿನ ಅಕ್ಕನ ಮಗಳು ಬಂದು ಬಾಣದ ಗುರುತನ್ನು ಪರದೆಯ ತಳಕ್ಕೆ ಎಳೆದಾಗ ತಾವು ಗಂಭೀರವಾಗಿ ಮೇಲೆದ್ದಿರಿ. ಅವಳು ತಮ್ಮ ಮೈಮೇಲಿನ ಒಂದು ಪುಟ್ಟ ಚಿತ್ರ ಒತ್ತಿದಳು. ಹದಿನೇಳು ಪುಟಗಳೂ ಸಾಲಾಗಿ ನಿಂತಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಚಿಕ್ಕಮ್ಮನನ್ನು ಕಂಡು ಆ ಹುಡುಗಿ ನಗು ತಡೆಯಲಾರದೆ ನೆಲದ ಮೇಲೆ ಕುಳಿತಳು.

ಆಹಾ, ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು! ಒಂದು ಅಕ್ಷರವೂ ಕೊಂಕದಂತೆ ಕಾಯುವುದು, ಒಡತಿ ತಲೆ ಚಚ್ಚಿಕೊಂಡರೂ ಒಂದು ಕೆಮ್ಮನ್ನೂ ಕೆಮ್ಮದಿರುವುದು ಸಾಮಾನ್ಯರಿಂದಾಗುವ ಮಾತೇ? ಇಂಥ ಪ್ರತಿಭೆ ಪರದೆಯಲ್ಲೇ ಕೊಳೆಯಬಾರದು. ದಯಮಾಡಿ ನನ್ನ ಅಡುಗೆಮನೆಯ ತಳದಂಚಿಗೂ ಬಂದು ನೆಲೆಸಿ, ನಾನು ಒಳಗೆ ಬಂದದ್ದು ಯಾತಕ್ಕೆಂಬುದನ್ನು ಸಣ್ಣ ಚಿತ್ರವಾಗಿ ತೋರಿಸುತ್ತಿರಬೇಕು. ಹೊತ್ತು ಮೀರಿ ಕೂರುವ ನೆಂಟರಿಗೂ ಮೂಲೆಯಲ್ಲೊಂದು ಅಡ್ಡಗೆರೆ ಒದಗಿಸಬೇಕು. ಅವರನ್ನು ಮಾತ್ರ ಮರಳಿ ತೋರಿಸುವ ಅವಸರ ಬೇಡ.

ಆಮೇಲೆ ನಾನೇ ಮೆಟ್ಟಿಲು ಹತ್ತಿ, ಹಾಳೆ ಕಳೆದದ್ದನ್ನೂ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅಕ್ಕ ಪೆಟ್ಟಿಗೆಯಿಂದ ಕನ್ನಡಕ ತೆಗೆದು ಹಾಕಿಕೊಂಡು, "ಹಾಗಾದ್ರೆ ನಾನು ಹೇಳಿದ್ದು ಚೆನ್ನಾಗಿತ್ತಾ?" ಎಂದಳು. ಮೊದಲನೇ ಸಲವೇ ಚೆನ್ನಾಗಿತ್ತು ಎಂದೆ.

ಅವಳು ಕೆಳಗಿಳಿದು ಬಂದು ಹದಿನೇಳನ್ನೂ ಓದಿದಳು. ಮೊದಲ ಹನ್ನೊಂದರಲ್ಲಿ ಅವಳು ಮಹಾ ಧೈರ್ಯವಂತೆ. ಹನ್ನೆರಡನೆಯದರಲ್ಲಿ, ಹೇಳಿ ಹೇಳಿ ಬೇಸತ್ತಿದ್ದಕ್ಕೋ ಏನೋ, ಆ ದಿನ ತನ್ನ ಕೈ ನಡುಗಿತೆಂದೂ, ಮಗು ಅತ್ತಾಗ ತಾನೂ ಅತ್ತೆನೆಂದೂ ಹೇಳಿದ್ದಳು. ಅಷ್ಟು ವರ್ಷಗಳಲ್ಲಿ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದನ್ನೇ ಕಳಿಸು ಎಂದಳು. ಕಳಿಸಿದೆವು.

ತಮ್ಮ ಮೌನದಿಂದ ನೊಂದು, ಅದೇ ಮೌನಕ್ಕೆ ಋಣಿಯಾಗಿರುವ,
ತಮ್ಮ ವಿಶ್ವಾಸಿ,
ಕೆಳಗಿನ ಮನೆಯ ಟೈಪಿಸ್ಟ್

ತಾ.ಕ.: ಈ ಪತ್ರದ ನಡುವೆ ಹಾಲು ಉಕ್ಕಿದ್ದರಿಂದ ಅಡ್ಡಗೆರೆ ಒತ್ತಿ ಎದ್ದುಹೋಗಿದ್ದೆ. ಪತ್ರ ಅಷ್ಟು ಹೊತ್ತೂ ತಮ್ಮ ಹೊಟ್ಟೆಯೊಳಗೇ ಇತ್ತು. ಆದ್ದರಿಂದ ತಲುಪಲಿಲ್ಲವೆಂಬ ನೆಪ ನಡೆಯುವುದಿಲ್ಲ.