ಸಾಹೇಬರ ಮುತ್ತಜ್ಜಿ ಮತ್ತು ನನ್ನ ಫ್ಯಾಮಿಲಿ ವೀಸಾ

ಮೇಲಧಿಕಾರಿಯ ಮನೆಯ ಅಡುಗೆಯನ್ನು ಹೊಗಳಬಹುದು, ಅವರ ನಾಯಿಯ ಮೈ ಸವರಬಹುದು, ಆದರೆ ಅವರ ಮುತ್ತಜ್ಜಿಯ ತಂಟೆಗೆ ಮಾತ್ರ ಹೋಗಬಾರದು. ತೊಂಬತ್ತರ ದಶಕದಲ್ಲಿ ಸೌದಿಯ ಅಲ್ ಖರ್ಜ್‌ನ ಒಂದು ಡೇರಿ ಫಾರ್ಮಿನಲ್ಲಿ ಗುಮಾಸ್ತನಾಗಿದ್ದಾಗ ನಾನು ಕಲಿತ ಪಾಠ ಇದು. ಹಸುಗಳ ವಂಶಾವಳಿಯನ್ನು ಕಂಪ್ಯೂಟರಿಗೆ ತುಂಬಿಸುವುದು ನನ್ನ ಕೆಲಸ. ಮ್ಯಾನೇಜರ್ ವಾಲ್ಟರ್ ಸಾಹೇಬರು ಅಮೆರಿಕದ ಅಯೋವಾದವರು. ಅವರ ಮುತ್ತಜ್ಜಿ ಹನ್ನಾ ಹತ್ತೊಂಬತ್ತನೇ ಶತಮಾನದಲ್ಲಿ ಮಕ್ಕಳು, ಕೋಳಿಗಳ ಸಮೇತ ಎತ್ತಿನ ಗಾಡಿಯಲ್ಲಿ ಅಲ್ಲಿಯ ಹುಲ್ಲುಗಾವಲಿಗೆ ಬಂದು, ಗಂಡ ಸತ್ತ ಮೇಲೂ ಒಬ್ಬಳೇ ಹೊಲ ಉತ್ತ ಗಟ್ಟಿಗಿತ್ತಿಯಂತೆ. ಸಾಹೇಬರು ಅವಳ ಸಂತಾನದ ವಿವರಗಳನ್ನು ವರ್ಷಗಟ್ಟಲೆ ಕೂಡಿಹಾಕಿದ್ದರು. ರಜೆಯಲ್ಲಿ ಊರಿಗೆ ಹೋದಾಗ ನೆಂಟರ ಕೂಟದಲ್ಲಿ ತೂಗುಹಾಕಲು ದೊಡ್ಡದೊಂದು ವಂಶವೃಕ್ಷ ಬೇಕಿತ್ತು. "ಹಸುಗಳದ್ದು ಮಾಡುತ್ತೀಯಲ್ಲ, ಇದನ್ನೂ ಮಾಡು" ಎಂದು ಕಾಗದದ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

ನಾನು ಹಿಗ್ಗಿದೆ. ಉಡುಪಿಯಲ್ಲಿದ್ದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಅರ್ಜಿ ಸಾಹೇಬರ ಸಹಿಗಾಗಿ ಅವರ ಮೇಜಿನ ಮೇಲೆಯೇ ಕುಳಿತಿತ್ತು. ಮಗಳು ಫೋನೆತ್ತಿ "ಯಾರು ಮಾತಾಡೋದು?" ಎಂದು ನನ್ನನ್ನೇ ಕೇಳತೊಡಗಿದ್ದಳು.

ಈಗ ನಮ್ಮ ಮನೆತನದ ವಿಷಯ ಹೇಳಬೇಕು. ನಮ್ಮದು ಅಳಿಯಸಂತಾನ. ಕುಟುಂಬ ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತದೆ. ಗಂಡಸಿನ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರಿದವರು, ಅವರಿಗೆ ಸೋದರಮಾವನೇ ಯಜಮಾನ. ನನ್ನ ತಂಗಿಯ ಮಗಳು ಶಾಲೆಯ ಪ್ರವಾಸಕ್ಕೆ ಹೊರಡಬೇಕಾದರೂ ಸೌದಿಗೆ ಪತ್ರ ಬರೆದು ನನ್ನನ್ನು ಕೇಳುತ್ತಿದ್ದಳು. ನಾನೂ ಮಾವನ ಗತ್ತಿಗೆ ತಕ್ಕಂತೆ ಉತ್ತರವನ್ನು ಸಾಕಷ್ಟು ತಡಮಾಡುತ್ತಿದ್ದೆ. ಆ ಸಲದ ಪ್ರವಾಸಕ್ಕೆ ಅವಳು ಬರೆದ ಪತ್ರವೂ ಉತ್ತರವಿಲ್ಲದೆ ನನ್ನ ಬಳಿಯೇ ಬಿದ್ದಿತ್ತು. ಇಂಥ ನಾನು ವಂಶವೃಕ್ಷ ಬರೆಯಲು ಕುಳಿತರೆ ಕೈ ತನ್ನ ಅಭ್ಯಾಸದ ದಾರಿಯನ್ನೇ ಹಿಡಿಯಿತು. ಹನ್ನಾಳ ಹೆಣ್ಣುಮಕ್ಕಳ ಕೊಂಬೆಗಳು ಗೋಳಿಮರದಂತೆ ಹಬ್ಬಿದವು. ಗಂಡುಮಕ್ಕಳ ಹೆಸರು ಬರೆದು ಅಲ್ಲಿಗೇ ಗೆರೆ ನಿಲ್ಲಿಸಿದೆ. ವಿಮಾನದ ಆತುರದಲ್ಲಿದ್ದ ಸಾಹೇಬರು ಬಿಡಿಸಿ ನೋಡದೆ ಸುರುಳಿ ಸುತ್ತಿಕೊಂಡು ಹೊರಟೇಬಿಟ್ಟರು.

ಮರುದಿನ ನಮ್ಮ ಸ್ಟೋರಿನ ಇಬ್ರಾಹಿಂ, ಪುತ್ತೂರಿನವನು, ನನ್ನಲ್ಲಿದ್ದ ಪ್ರತಿಯನ್ನು ನೋಡಿ ಕೇಳಿದ: "ಚಂದ ಆಗಿದೆ. ಇದ್ರಲ್ಲಿ ಸಾಹೇಬ್ರು ಎಲ್ಲಿದ್ದಾರೆ ಮಾರಾಯ?"

ಹುಡುಕಿದೆ. ಇರಲಿಲ್ಲ! ಸಾಹೇಬರು ಹನ್ನಾಳ ಮಗನ ಮೊಮ್ಮಗ.

"ಅಜ್ಜನ ಹತ್ರವೇ ಗೆರೆ ನಿಲ್ಸಿದ್ದೀಯಲ್ಲ, ಎಂತ ಮಾಡಿದ್ದು ನೀನು? ವೀಸಾ ಬಿಡು, ಇನ್ನು ನಿನ್ನ ಇಕಾಮಾ ಉಳಿದ್ರೆ ಸಾಕು" ಎಂದ. ಇಕಾಮಾ ಹೋದರೆ ಸೌದಿಯ ವಾಸವೇ ಹೋದಂತೆ. ಅಂದಿನಿಂದ ನನಗೆ ಅನ್ನ ಇಳಿಯಲಿಲ್ಲ. ಫ್ಯಾಕ್ಸ್ ಗುರುಗುಟ್ಟಿದರೆ ಎದ್ದು ನಿಲ್ಲುತ್ತಿದ್ದೆ. ಹೋರಿಯೊಂದನ್ನು ಕರುವಿನ ತಾಯಿ ಎಂದು ಬರೆದು, ಪಶುವೈದ್ಯರಿಂದ ಬೈಸಿಕೊಂಡೆ.

ಸಾಹೇಬರು ಮರಳಿದ ದಿನವೇ ಅವರ ಕೋಣೆಗೆ ಬರಲು ಕರೆ ಬಂತು. "ಹನ್ನಾಳ ಹೆಣ್ಣುಮಕ್ಕಳ ಕಡೆಯವರೆಲ್ಲ ತಮ್ಮ ತಮ್ಮ ಹೆಸರು ಮುಟ್ಟಿಕೊಂಡು ಫೋಟೋ ತೆಗೆಸಿಕೊಂಡರು. ನಾನು ಕ್ಯಾಮೆರಾ ಹಿಡಿದು ನಿಂತಿದ್ದೆ" ಎಂದರು. ನಾನು ತೊದಲುತ್ತಾ ಅಳಿಯಸಂತಾನವನ್ನು ವಿವರಿಸಿದೆ. ಅವರು ನನ್ನ ವೀಸಾ ಅರ್ಜಿಯನ್ನು ಕೈಗೆತ್ತಿಕೊಂಡರು.

"ಹಾಗಾದರೆ ಇವರೆಲ್ಲ ಯಾರ ಫ್ಯಾಮಿಲಿ?"

ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ಹೆಂಡತಿಯ ಕುಟುಂಬ, ಸರ್. ಅವಳ ಅಣ್ಣ ಯಜಮಾನ."

"ಮತ್ತೆ ನೀನು?"

"ನಾನು ನನ್ನ ತಂಗಿಯ ಮಕ್ಕಳಿಗೆ ಯಜಮಾನ."

ಸಾಹೇಬರು ಕುರ್ಚಿ ಕಿರುಗುಟ್ಟುವಷ್ಟು ನಕ್ಕರು. "ನನ್ನನ್ನು ಮರಕ್ಕೆ ಹತ್ತಿಸು, ಇವರನ್ನು ನಾನು ವಿಮಾನ ಹತ್ತಿಸುತ್ತೇನೆ" ಎಂದು ಸಹಿ ಹಾಕಿದರು. ಹೋದ ಜೀವ ಬಂದಂತಾಯಿತು. ನಿಂತ ಕಾಲಲ್ಲೇ ಮನೆಗೆ ಫೋನು ಮಾಡಿದೆ.

"ಹೌದಾ? ಭಾರಿ ಖುಷಿಯಾಯ್ತು ಮಾರಾಯ್ರೆ" ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿ, "ಆದ್ರೆ ಮಕ್ಕಳನ್ನು ಅಷ್ಟು ದೂರ ಕರ್ಕೊಂಡು ಬರೋದಂದ್ರೆ ಅಣ್ಣನ ಹತ್ರ ಒಂದು ಮಾತು ಕೇಳ್ಬೇಕಲ್ಲ?"

ಕೇಳಿದ್ದೂ ಆಯಿತು. ಭಾವ ಗಂಭೀರರಾಗಿ, ಯೋಚಿಸಿ ಪತ್ರ ಬರೆಯುತ್ತೇನೆ ಎಂದರಂತೆ. ಅಂಚೆಯ ದಾರಿ ಕಾಯುತ್ತಾ ಕುಳಿತ ನಾನು, ಮೊದಲು ತಂಗಿಯ ಮಗಳಿಗೆ ಪ್ರವಾಸದ ಒಪ್ಪಿಗೆ ಬರೆದು ಹಾಕಿದೆ. ತಡವಾಗಿತ್ತು. ಅವಳ ಗೆಳತಿಯರು ಪ್ರವಾಸ ಮುಗಿಸಿ ಬಂದಿದ್ದರಂತೆ.