ಹೊಳೆ ದಾಟಿದ ಬೆಕ್ಕು

ಚಲುವನಾರಾಯಣ ಮೇಷ್ಟ್ರು ಬೆಕ್ಕು ಸಾಕಿದವರೇ ಅಲ್ಲ. ಅವರ ಹೆಂಡತಿ ಕನಕಲಕ್ಷ್ಮಿ ದಿನಾ ಹಿತ್ತಲ ಬಾಗಿಲಲ್ಲಿ ಒಂದು ಹಿಡಿ ಮೊಸರನ್ನ ಇಡುತ್ತಿದ್ದಳು, ಬೂದು ಬಣ್ಣದ ಬೆಕ್ಕೊಂದು ಬಂದು ತಿಂದು ಹೋಗುತ್ತಿತ್ತು, ಅಷ್ಟೆ. ಆದರೆ ಮದ್ದೂರಿನ ಆ ಬೀದಿಯ ಕಾನೂನೇ ಬೇರೆ. ಯಾರು ಉಣ್ಣಲಿಕ್ಕಿದರೋ ಬೆಕ್ಕು ಅವರದು.

ಉಂಡ ಬೆಕ್ಕು ಗೋಡೆ ಹಾರಿ ಪಕ್ಕದ ದೇವಿರಮ್ಮನ ಹಿತ್ತಲಿಗೆ ಇಳಿಯುತ್ತಿತ್ತು. ಅಲ್ಲಿ ಬದನೆ ಸಸಿಗೆಂದು ಹದ ಮಾಡಿದ ಪಾತಿಯ ಮಣ್ಣು ಮೆತ್ತಗಿತ್ತು. ಊಟವಾದ ಮೇಲೆ ಬೆಕ್ಕು ಮೆತ್ತನೆ ಮಣ್ಣನ್ನು ಯಾಕೆ ಹುಡುಕುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಎಪ್ಪತ್ತಾರನೇ ಇಸವಿಯ ಮಾರ್ಚ್ ತಿಂಗಳು. ಭಾನುವಾರ ಬೆಳಿಗ್ಗೆ ಮೇಷ್ಟ್ರು ಕಾಫಿ ಲೋಟ ಎತ್ತುವಷ್ಟರಲ್ಲಿ ದೇವಿರಮ್ಮ ಬಂದು ನಿಂತಳು. ಕೋರ್ಟಿಗೆ ಸಾಕ್ಷಿ ತಂದವಳಂತೆ ಅವಳ ಕೈಯಲ್ಲಿ ನಾಲ್ಕು ಬಾಡಿದ ಬದನೆ ಸಸಿಗಳಿದ್ದವು.

"ನೋಡಿ ಮೇಷ್ಟ್ರೇ, ನಿಮ್ ಬೆಕ್ಕು ಕಿತ್ತಾಕಿರದು. ಇವತ್ತು ಸಂಜೆವೊಳ್ಗೆ ಅದು ಈ ಬೀದಿ ಬುಟ್ಟು ಓಗ್ಬೇಕು. ಇಲ್ದಿದ್ರೆ ನಾಳಿಂದ ನನ್ ಬಾವಿ ಅಗ್ಗ ಮುಟ್ಬ್ಯಾಡಿ."

ಮೇಷ್ಟ್ರು ಎತ್ತಿದ ಲೋಟವನ್ನು ಕೆಳಗಿಟ್ಟರು. ಆ ಬೀದಿಯಲ್ಲಿ ಬೇಳೆ ಬೇಯುವಂಥ ನೀರಿದ್ದದ್ದು ದೇವಿರಮ್ಮನ ಬಾವಿಯಲ್ಲಿ ಮಾತ್ರ. ಉಳಿದೆಡೆ ಬರೀ ಉಪ್ಪುನೀರು. ಅದರಲ್ಲಿ ಮಾಡಿದ ಕಾಫಿಯನ್ನು ಒಮ್ಮೆ ಕುಡಿದಿದ್ದ ಮೇಷ್ಟ್ರು ಆ ದಿನವನ್ನು ಇನ್ನೂ ಮರೆತಿರಲಿಲ್ಲ.

ಎದುರು ಮನೆಯ ಸಿದ್ದರಾಮು ಕರೆಯದೇ ಬಂದ. ಯಾರ ಮನೆಯ ತೊಂದರೆಗೂ ಅವನ ಹತ್ತಿರ ಒಂದು ಉಪಾಯ ಸಿದ್ಧವಿರುತ್ತಿತ್ತು.

"ಚೀಲಕ್ಕಾಕಿ ಒಳೆ ದಾಟಿಸ್ಬುಡಿ ಸಾ. ಒಳೆ ದಾಟಿದ್ ಬೆಕ್ಕು ತಿರುಗ್ ಬರಕಿಲ್ಲ. ಆದ್ರೆ ಒಂಟಾಗ ಮೂರ್ ಸುತ್ತು ತಿರುಗಿಸ್ಬೇಕು, ದಿಕ್ಕು ತಪ್ಪಬೇಕು ಅದ್ಕೆ."

"ಪಾಪ, ಹೊಟ್ಟೆಗೆ ಸಿಗೋ ಕಡೆ ಬಿಟ್ಟು ಬನ್ನಿ" ಎಂದಳು ಕನಕಲಕ್ಷ್ಮಿ, ಕಣ್ಣೊರೆಸಿಕೊಳ್ಳುತ್ತ.

"ಅಂಗಾದ್ರೆ ಕೊಕ್ಕರೆ ಬೆಳ್ಳೂರು ಕಣಮ್ಮ. ಅಲ್ಲಿ ಮರದಿಂದ್ಲೇ ಮೀನು ಉದುರ್ತವೆ" ಎಂದ ಸಿದ್ದರಾಮು.

ಮೇಷ್ಟ್ರು ಬೆಕ್ಕಿದ್ದ ಗೋಣಿಚೀಲವನ್ನು ತಬ್ಬಿಕೊಂಡು ಅಂಗಳದಲ್ಲಿ ಮೂರು ಸುತ್ತು ತಿರುಗಿದರು. ಬೀದಿಗೆ ಬೀದಿಯೇ ನಿಂತು ಎಣಿಸಿತು. ಬೆಕ್ಕಿಗೆ ದಿಕ್ಕು ತಪ್ಪಿತೋ ಇಲ್ಲವೋ, ಮೇಷ್ಟ್ರಿಗಂತೂ ತಪ್ಪಿತು. ಬಸ್‌ಸ್ಟ್ಯಾಂಡಿನ ಕಡೆ ಹೊರಟವರು ನೇರ ದೇವಿರಮ್ಮನ ಹಿತ್ತಲಿಗೆ ನುಗ್ಗಿ ಇನ್ನೆರಡು ಸಸಿಗಳನ್ನು ತುಳಿದರು.

ಬಸ್ಸಿನ ಕಂಡಕ್ಟರು ಚಿಕ್ಕಮಾದು ಅವರ ಹಳೇ ಶಿಷ್ಯ. "ಚೀಲದಲ್ಲೇನ್ ಸಾ?" ಎಂದ.

"ಬದನೇಕಾಯಿ" ಎಂದರು ಮೇಷ್ಟ್ರು. ಬದನೇಕಾಯಿ ದೀರ್ಘವಾಗಿ ಮಿಯಾಂವ್ ಎಂದಿತು.

"ಸುಳ್ಳೇಳ್ದೆ ಅಂತ ಏಳ್ನೇ ಕ್ಲಾಸ್ನಲ್ಲಿ ನಂಗೆ ಬಾರ್ಸಿದ್ರಲ್ಲ, ಗ್ಯಾಪ್ಕ ಅದಾ ಸಾ?" ಎಂದು ಚಿಕ್ಕಮಾದು ನಕ್ಕ. ಬಸ್ಸೆಲ್ಲ ನಕ್ಕಿತು. ಶಿಂಷಾ ಸೇತುವೆ ದಾಟುವವರೆಗೂ ಮೇಷ್ಟ್ರು ಕಿಟಕಿಯಿಂದ ಮುಖ ಈಚೆ ತೆಗೆಯಲಿಲ್ಲ.

ಬೆಳ್ಳೂರಿನಲ್ಲಿ ಹುಣಿಸೆಮರಗಳ ತುಂಬ ಗೂಡುಗಳು, ಗೂಡಿನ ತುಂಬ ಕೊಕ್ಕರೆಗಳು, ಊರ ತುಂಬ ಮೀನಿನ ವಾಸನೆ. ಬೆಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಎಂದುಕೊಂಡು ಮೇಷ್ಟ್ರು ಒಂದು ಮರದಡಿ ಚೀಲ ಬಿಚ್ಚಿದರು. ಬೆಕ್ಕು ತಲೆ ಹೊರಗೆ ಹಾಕಿ ಮೇಲೆ ನೋಡಿತು. ಮೇಷ್ಟ್ರ ಬೆತ್ತದಷ್ಟುದ್ದದ ಕೊಕ್ಕುಗಳು ಕೆಳಗೆ ಬಗ್ಗಿ ಅದನ್ನೇ ನೋಡುತ್ತಿದ್ದವು. ಬೆಕ್ಕು ತಾನಾಗಿಯೇ ಚೀಲದೊಳಕ್ಕೆ ಹೋಯಿತು.

"ಯಾರಪ್ಪಾ ಅದು, ಮರದಡಿ ಬೆಕ್ ಬುಡ್ತಿರೋನು?"

ಮರದ ಕೆಳಗೆ ಹಕ್ಕಿಗೊಬ್ಬರ ಗುಡಿಸುತ್ತಿದ್ದ ಬೆಳ್ಳಮ್ಮ ಎಂಬ ಮುದುಕಿ ಪೊರಕೆ ಹಿಡಿದೇ ಬಂದಳು. ಹಿಂದೆ ಹತ್ತಾರು ಜನ ಬಂದರು.

"ನಮ್ಮೆಣ್ಮಕ್ಳು ಬಾಣಂತನಕ್ಕೆ ಬಂದವ್ರೆ. ಈ ಒತ್ನಲ್ಲಿ ಬೆಕ್ ತಂದ್ ಬುಡ್ತಿಯಲ್ಲ, ಓದ್ದೋನಂಗೆ ಕಾಣ್ತೀಯೆ."

ಆ ಊರಿನವರಿಗೆ ಕೊಕ್ಕರೆಗಳೆಂದರೆ ತವರಿಗೆ ಬಂದ ಹೆಣ್ಣುಮಕ್ಕಳು. ಗೂಡಿನಿಂದ ಮರಿ ಬಿದ್ದರೆ ಎತ್ತಿ ಸಾಕುವ ಜನ. ಮೇಷ್ಟ್ರು ಕೈಮುಗಿದು ಬಾವಿ, ಬದನೆ, ಕಾಫಿ ಎಲ್ಲವನ್ನೂ ಒಪ್ಪಿಸಿದರು. ಅವರ ಮುಖ ನೋಡಿ ಬೆಳ್ಳಮ್ಮ ಪೊರಕೆ ಕೆಳಗಿಟ್ಟಳು.

"ಬೆಕ್ಕು ನಿಂಗೇ ಇರ್ಲಿ. ತಕೋ, ಒಂದ್ ಚೀಲ ಕೊಕ್ಕರೆ ಗೊಬ್ರ ಓಯ್ದು ಆವಮ್ಮನ ಪಾತಿಗೆ ಆಕು. ನಿನ್ ಬೆಕ್ಕುನ್ನ ತೊಡೆ ಮ್ಯಾಲೆ ಕುಂಡ್ರಿಸ್ಕತಾಳೆ."

ವಾಪಸ್ಸು ಬರುವಾಗ ಗೊಬ್ಬರದ ವಾಸನೆಗೆ ಬಸ್ಸಿನ ಹಿಂದಿನ ಅರ್ಧ ಖಾಲಿಯಾಯಿತು. ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಕಾಲು ಚಾಚಿ ಕೂತರು. "ಇದ್ಯಾವ್ ಬದ್ನೆಕಾಯಿ ಸಾ?" ಎಂದು ಚಿಕ್ಕಮಾದು ಮೂಗು ಮುಚ್ಚಿಕೊಂಡೇ ಕೇಳಿದ.

ಬೆಳ್ಳಮ್ಮನ ಮಾತು ಸುಳ್ಳಾಗಲಿಲ್ಲ. ಗೊಬ್ಬರ ಕಂಡದ್ದೇ ದೇವಿರಮ್ಮನ ಮುಖ ಅರಳಿತು. ಅಷ್ಟನ್ನೂ ಪಾತಿಗೆ ಹರಡಿ, ಮೇಲೆ ನಾಲ್ಕು ಬಿಂದಿಗೆ ನೀರು ಹುಯ್ದಳು. "ಬೆಕ್ಕು ಇರ್ಲಿ ಬುಡಿ ಮೇಷ್ಟ್ರೇ, ಮೂಕ್ ಪ್ರಾಣಿ. ಕನಕಮ್ಮ, ಬಾರವ್ವ, ನೀರ್ ಸೇದ್ಕೊ" ಎಂದಳು.

ಸಂಜೆ ಐದಕ್ಕೆ ಸಿಹಿನೀರಿನ ಕಾಫಿ ಬಂತು. ಜಗಲಿಯ ಮೇಲೆ ಕೂತ ಮೇಷ್ಟ್ರಿಗೆ ಲೋಕವೇ ತಮ್ಮದೆನಿಸುವಷ್ಟು ಸಂತೋಷವಾಗಿತ್ತು. "ನಯವಾಗಿ ನಡೆದುಕೊಂಡರೆ ಎಲ್ಲ ಆಗುತ್ತಪ್ಪ" ಎಂದು ಸಿದ್ದರಾಮುವಿಗೆ ಪಾಠ ಹೇಳುತ್ತ ಎರಡು ಗುಟುಕು ಕುಡಿದರು.

ಮೂರನೆಯ ಗುಟುಕಿಗೆ ದೇವಿರಮ್ಮನ ಕೂಗು ಕೇಳಿತು.

ಒದ್ದೆಯಾದ ಗೊಬ್ಬರದಿಂದ ಮೀನಿನ ವಾಸನೆ ಎದ್ದು ಗಾಳಿಯ ಜೊತೆ ಪೇಟೆಯೆಲ್ಲ ಸುತ್ತಿತ್ತು. ಐದು ಜನ ಗುಂಪು ಸೇರಿದರೆ ಪೊಲೀಸರು ವಿಚಾರಿಸುತ್ತಿದ್ದ ಆ ಎಮರ್ಜೆನ್ಸಿ ಕಾಲದಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಹನ್ನೊಂದು ಬೆಕ್ಕುಗಳು ದೇವಿರಮ್ಮನ ಪಾತಿಯಲ್ಲಿ ಸೇರಿ, ಮೀನು ಎಲ್ಲಿ ಹೂತಿದೆಯೆಂದು ಶ್ರದ್ಧೆಯಿಂದ ಅಗೆಯುತ್ತಿದ್ದವು. ಒಂದು ಸಸಿಯೂ ಉಳಿದಿರಲಿಲ್ಲ.

"ಇದರಲ್ಲಿ ನಮ್ಮದಿಲ್ಲ, ನೋಡಿ" ಎಂದರು ಮೇಷ್ಟ್ರು, ಗೋಡೆಯಾಚೆಯಿಂದ. ನಿಜವೇ. ಬೂದು ಬೆಕ್ಕು ಒಳಗೆ ಗೋಣಿಚೀಲದಲ್ಲಿ ಮಲಗಿತ್ತು. ಆ ವಾಸನೆಗೆ ಅದಕ್ಕೆ ಉದ್ದನೆಯ ಕೊಕ್ಕುಗಳು ನೆನಪಾಗುತ್ತಿದ್ದವೋ ಏನೋ, ಹೊರಗೆ ಇಣುಕಲೂ ಇಲ್ಲ.

"ಈ ಬೀದಿಲಿ ಬೆಕ್ಕು ಯಾರ್ದು ಮೇಷ್ಟ್ರೇ?" ಎಂದಳು ದೇವಿರಮ್ಮ ತಣ್ಣಗೆ.

"ಉಣ್ಣಕ್ಕೆ ಇಟ್ಟವರದು" ಎಂದರು ಮೇಷ್ಟ್ರು, ಪಾಠ ಒಪ್ಪಿಸುವ ಹುಡುಗನ ಹಾಗೆ.

"ಇವಕ್ಕೆ ಉಣ್ಣಕ್ಕೆ ತಂದಿಕ್ದೋರು ಯಾರು?"

ಮೇಷ್ಟ್ರು ಪಾತಿಯ ಗೊಬ್ಬರದ ಕಡೆ ನೋಡಿದರು.

"ಅಂಗಾದ್ರೆ ಅನ್ನೊಂದೂ ನಿಮ್ವೇ" ಎಂದವಳೇ ದೇವಿರಮ್ಮ ರಾಟೆಯಿಂದ ಬಾವಿಯ ಹಗ್ಗ ಕಳಚಿ, ಸುತ್ತಿ, ಹೆಗಲಿಗೇರಿಸಿಕೊಂಡು ಒಳಗೆ ಹೋದಳು.

ಸಿದ್ದರಾಮು ಬೆರಳು ಮಡಿಸುತ್ತ ಪಕ್ಕಕ್ಕೆ ಬಂದು ನಿಂತ. "ಮೂರ್ ಮೂರ್ ಸುತ್ತು ಅಂದ್ರೆ ಮೂವತ್ಮೂರು ಆಯ್ತದೆ ಸಾ. ಮೊದ್ಲು ಆ ಕಾಫಿ ಕುಡ್ಕೊಬುಡಿ."